ಜೀಪಿಗೊಂದು ಬ್ಲೌಸ್ ಪೀಸ್

‘ಹೋದ ಬಣ್ಣ ತಿರುಗಿ ಬರಂಗಿಲ್ಲ’ ಎಂದು ಮೊದಲು ಹೇಳಿದವರು ನಮ್ಮ ಕಾಕಿ, ಚಿಕ್ಕಪ್ಪನ ಹೆಂಡತಿ. ಎರಡನೆಯವನು ಆಳಂದದ ಸ್ಪ್ರೇ ಪೇಂಟರ್ ರಫೀಕ್. ‘ಆಗಂಗಿಲ್ರಿ ಸರ್, ಆ ಬಣ್ಣ ಮಾಡೋರೂ ಈಗಿಲ್ಲ, ಕೇಳೋರೂ ಇಲ್ಲ’ ಎಂದ. ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಹುರುಪು ಏರುತ್ತದೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ಅದೂ ಆಗುವುದಿಲ್ಲ ಎಂದೇ ಊರು ಹೇಳಿತ್ತು. ಬಿ.ಎಸ್ಸಿ. ಆದ ದಿನದಿಂದ, ನನ್ನಿಂದ ಆಗದ ಕೆಲಸ ಭೂಮಿಯ ಮೇಲಿಲ್ಲ ಎಂಬ ಒಂದು ಬೇನೆ ಅಂಟಿಕೊಂಡಿದೆ. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಹಾಗಾಗಿ ಬೇನೆ ವಾಸಿಯಾಗುವ ಲಕ್ಷಣವಿಲ್ಲ.

ವಿಷಯ ಹಿರೋಳ್ಳಿಯ ನಮ್ಮ ಕಾಕಾನ ಜೀಪಿನದು. ಒಂದು ಕಾಲಕ್ಕೆ ಅದು ಆಳಂದಕ್ಕೂ ಅಫಜಲಪುರಕ್ಕೂ ಜನರನ್ನು ತುಂಬಿಕೊಂಡು ಸೀಟು ಹೊಡೆಯುತ್ತಿತ್ತು. ಒಳಗೆ ಕಾಲಿಡಲು ಜಾಗವಿಲ್ಲದಿದ್ದರೂ ಕಾಕಾ ‘ಖಾಲಿ ಅದ, ಬರ್ರಿ’ ಎಂದು ಕೂಗುತ್ತಿದ್ದರು. ನಾನು ಕಾಲೇಜಿಗೆ ಹೋದದ್ದೂ ಅದರ ಹಿಂದೆ ಜೋತು ಬಿದ್ದೇ. ಈಗ ಕಾಕಾಗೆ ವಯಸ್ಸಾಗಿದೆ, ಜೀಪಿನ ನೋಂದಣಿಯ ಅವಧಿ ಮುಗಿದಿದೆ. ಕಾಕಿ ಎಳ್ಳು ಅಮಾವಾಸ್ಯೆಯ ಗಡುವು ಹಾಕಿ ಫರ್ಮಾನು ಹೊರಡಿಸಿದರು: ‘ಎಳ್ಳಮಾಸಿ ಒಳಗ ಕಾಗದ ಆದ್ರ ಇರ್ಲಿ. ಇಲ್ಲಂದ್ರ ಗುಜರಿಯವ ಬಂದು ಒಯ್ತಾನ. ಕೊಟ್ಟಿಗ್ಯಾಗ ಎಮ್ಮಿ ಕಟ್ಟಬೇಕು.’ ಕಾಕಾ ಟವೆಲಿನಿಂದ ಸ್ಟೇರಿಂಗ್ ಒರೆಸುತ್ತ ಕುಳಿತರು. ಅದನ್ನು ನೋಡಲಾಗದೆ, ‘ಕಾಗದ ನಾ ಮಾಡಿಸ್ತೇನಿ, ಬಂದಾಗ ಹೆಂಗಿತ್ತೋ ಹಂಗ ಮಾಡಿ ನಿಲ್ಲಸ್ತೇನಿ’ ಎಂದುಬಿಟ್ಟೆ.

ಇಂಜಿನ್ ಕೆಲಸ ಸಲೀಸಾಗಿ ಮುಗಿಯಿತು. ತೊಡಕಾದದ್ದು ಬಣ್ಣ. ಜೀಪಿನ ಕಾಗದದಲ್ಲಿ ‘ನೀಲಿ’ ಎಂದಿದೆ. ಜೀಪೋ ಕಾಕಾ ಮೇಲೆ ಮೇಲೆ ಬಳಿಸಿದ ಬಿಳಿಯಲ್ಲಿದೆ. ಎರಡೂ ಹೊಂದದಿದ್ದರೆ ಆರ್‌ಟಿಒ ತಪಾಸಣೆಯಲ್ಲಿ ಪಾಸಾಗುವುದಿಲ್ಲ. ರಫೀಕ್ ತನ್ನಲ್ಲಿದ್ದ ನೀಲಿ ತೋರಿಸಿದ. ಕಾಕಾ, ‘ಇದು ನೀರಿನ ಟ್ಯಾಂಕರ್ ಬಣ್ಣಲೇ’ ಎಂದು ಮುಖ ತಿರುಗಿಸಿದರು. ಹಾಗಾದರೆ ಹೇಗಿತ್ತು ಎಂದರೆ, ‘ಸೊನ್ನದ ಬ್ಯಾರೇಜಿನಾಗ ನೀರ ನಿಂತಾಗ ಕಾಣ್ತದಲ್ಲ, ಅಂಥಾದ್ದು’ ಎಂದರು. ಸೊನ್ನಕ್ಕೂ ಹೋಗಿ ನೋಡಿದೆ. ಭೀಮೆಯ ನೀರು ಮುಂಜಾನೆ ಒಂದು ಬಣ್ಣ, ಮಧ್ಯಾಹ್ನ ಇನ್ನೊಂದು. ಜೇವರ್ಗಿಯಲ್ಲಿ ಅದೇ ಕಾಲದ ಇನ್ನೊಂದು ಜೀಪು ಇದೆಯೆಂದು ಅಲ್ಲಿಗೂ ಹೋದೆ. ಅದು ಬಿಸಿಲಿಗೆ ಬೆಂದು ಜೋಳದ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು.

ಆಗ ನನ್ನ ವಿಜ್ಞಾನ ಎಚ್ಚರಾಯಿತು. ಬಿಸಿಲು ಬೀಳದ ಕಡೆ ಬಣ್ಣ ಉಳಿದಿರಬೇಕಲ್ಲ? ಡ್ಯಾಶ್‌ಬೋರ್ಡಿನ ಡಬ್ಬಿಯ ಮುಚ್ಚಳಕ್ಕೆ ಕಾಕಾ ಮನೆದೇವರ ಹಿತ್ತಾಳೆ ತಗಡನ್ನು ಸ್ಕ್ರೂ ಹಾಕಿ ಕೂರಿಸಿದ್ದರು. ದೇವರನ್ನು ಕೀಳಬಾರದೆಂದು ಬಿಳಿ ಬಳಿಯುವಾಗಲೂ ಅದನ್ನು ಬಿಚ್ಚಿರಲಿಲ್ಲ. ಒಂದು ಕಾಯಿ ಒಡೆದು, ಕೈಮುಗಿದು, ಸ್ಕ್ರೂ ಬಿಚ್ಚಿದೆ. ಹಿಂದೆ ಅಂಗೈಯಷ್ಟು ಹಳೆಯ ಬಣ್ಣ ಸಿಕ್ಕಿತು. ಅಂಜಿ ಅಂಜಿ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದೆ. ಅಚ್ಚ ಹಸಿರು.

‘ಹಸರ ಅಲ್ಲಲೇ, ನೀಲಿ’ ಎಂದರು ಕಾಕಾ. ನಾನು ಅವರನ್ನು ಕೂರಿಸಿಕೊಂಡು ಪಾಠ ಮಾಡಿದೆ. ಜಗತ್ತಿನ ಎಷ್ಟೋ ಭಾಷೆಗಳಲ್ಲಿ ಹಸಿರಿಗೂ ನೀಲಿಗೂ ಒಂದೇ ಹೆಸರಿದೆ. ಮನುಷ್ಯನ ನೆನಪು ಬಣ್ಣವನ್ನು ಬದಲಿಸುತ್ತದೆ. ಕಾಗದ ಬರೆದ ಗುಮಾಸ್ತನೂ ಮನುಷ್ಯನೇ, ಹಸಿರನ್ನೇ ನೀಲಿ ಎಂದು ಬರೆದಿರಬೇಕು. ಕಾಕಾ ಪೂರಾ ಕೇಳಿ, ‘ಓದಿದಾಂವ ಹೇಳ್ತಿ, ಇರಬೇಕು’ ಎಂದರು. ಅವರ ಆ ನಂಬಿಕೆ ನನ್ನ ತಲೆಯನ್ನು ಇನ್ನಷ್ಟು ತಿರುಗಿಸಿತು.

ರಫೀಕನ ಹತ್ತಿರ ಹಸಿರು ಮೂರೇ ಬಗೆ. ಅಂಗೈಯಗಲ ಬಣ್ಣ ನೋಡಿ ಇಡೀ ಜೀಪು ಹೇಗೆ ಕಂಡೀತೆಂದು ಹೇಳುವುದೂ ಕಷ್ಟ. ಬಾನೆಟ್ ಮೇಲೆ ಹಾಸಿ ನೋಡಲು ಅದೇ ಬಣ್ಣದ ಬಟ್ಟೆ ಸಿಕ್ಕರೆ? ಮುಚ್ಚಳವನ್ನು ಕೈಚೀಲದಲ್ಲಿಟ್ಟುಕೊಂಡು ಆಳಂದದ ಮ್ಯಾಚಿಂಗ್ ಸೆಂಟರಿಗೆ ಹೋದೆ. ಸರ್ಕಾರಕ್ಕೆ ನೀಲಿ ಎಂದರೆ ಒಂದೇ ನೀಲಿ, ಹಸಿರು ಎಂದರೆ ಒಂದೇ ಹಸಿರು. ಇಲ್ಲಿ ನೋಡಿ: ರಾಮಾ ಹಸಿರು, ಗಿಳಿ ಹಸಿರು, ಮೆಂತೆ ಹಸಿರು, ಆನಂದ ನೀಲಿ, ಇಂಕ್ ನೀಲಿ, ನವಿಲುಗತ್ತು. ಅಂಗಡಿ ತುಂಬ ಹೆಣ್ಣುಮಕ್ಕಳು.

‘ಬ್ಲೌಸ್ ಯಾರಿಗ್ರಿ ಸರ್?’ ಎಂದು ಅಂಗಡಿಯ ಅಕ್ಕ ಕೇಳಿದರು.

‘ಜೀಪಿಗ್ರಿ’ ಎಂದು ಮುಚ್ಚಳ ತೆಗೆದಿಟ್ಟೆ.

‘ಒಳಗ ಅಸ್ತರ್ ಹಚ್ಚಿ ಹೊಲಿಸ್ತೀರೋ, ಹಂಗೇನೋ?’ ಎಂದು ಮೂಲೆಯಿಂದ ಒಂದು ದನಿ ಬಂತು. ಆಕೆ ನನ್ನ ವಿದ್ಯಾರ್ಥಿಯೊಬ್ಬನ ತಾಯಿ. ಮರುದಿನ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ರಾಮಾ ಹಸಿರೇ ಹೊಂದಿತು. ರಫೀಕ್ ಅದನ್ನೇ ಬೆರೆಸಿ ಹೊಡೆದ. ಜೀಪು ಹೊಸ ಸೊಸೆಯ ಹಾಗೆ ಫಳಫಳ ನಿಂತಿತು. ಮುಚ್ಚಳಕ್ಕೂ ಬಣ್ಣ ಹೊಡೆಸಬೇಕಲ್ಲ, ಮೊದಲು ಜಿಡ್ಡು ತೆಗೆಯೋಣವೆಂದು ಕಾಕಾನ ಅಂಗಳದಲ್ಲಿ ಸಾಬೂನಿನ ಪುಡಿ ಹಾಕಿ ಉಜ್ಜಿದೆ. ನನ್ನ ಕಣ್ಣೆದುರೇ ಹಸಿರು ಬಣ್ಣ ಬದನೆಕಾಯಿ ಬಣ್ಣಕ್ಕೆ ತಿರುಗಿತು, ನೊರೆ ಕೆಂಪಾಯಿತು.

ಅರಿಷಿಣಕ್ಕೆ ಸಾಬೂನು ತಾಗಿದರೆ ಕೆಂಪಾಗುತ್ತದೆ. ಇದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಮಾಡಿ ತೋರಿಸುತ್ತೇನೆ. ಕೊನೆಯ ಬೆಂಚಿನವರೂ ಉತ್ತರ ಬರೆಯುತ್ತಾರೆ. ಕಾಕಾ ಅಮಾವಾಸ್ಯೆಗೊಮ್ಮೆ ಆ ತಗಡಿಗೆ ಎಣ್ಣೆ, ಭಂಡಾರದ ಅರಿಷಿಣ ಹಚ್ಚುತ್ತ ಬಂದಿದ್ದರು. ಅದು ಇಳಿದಿಳಿದು ಹಿಂದಿನ ನೀಲಿಯೊಳಗೆ ಇಂಗಿತ್ತು. ನೀಲಿಯ ಮೇಲೆ ಹಳದಿ ಕೂತರೆ ಹಸಿರು. ಬಿಸಿಲು ಬೀಳದ ಜಾಗವೆಂದು ಆರಿಸಿದ್ದೆನಲ್ಲ, ಅಲ್ಲಿ ಅರಿಷಿಣವೂ ಅಷ್ಟೇ ಭದ್ರವಾಗಿ ಉಳಿದಿತ್ತು.

ಕಾಕಾ ಕೆಂಪು ನೊರೆ ನೋಡಿ, ‘ದೇವರಿಗೇನರ ಸಿಟ್ಟು ಬಂತೇನಲೇ?’ ಎಂದು ಗಾಬರಿಯಾದರು. ಕಾಕಿಗೆ ಅಂಥ ಅಂಜಿಕೆಯಿಲ್ಲ. ‘ಈಗ ನಿಮ್ಮ ಭಾಷಾದಾಗ ಕೆಂಪಗೂ ನೀಲಿಗೂ ಒಂದ ಹೆಸರೇನಪಾ?’ ಎಂದು ಕೇಳಿ ಒಳಗೆ ಹೋದರು. ಎಳ್ಳಮಾಸಿ ಹತ್ತಿರ ಬಂದಿತ್ತು; ಗುಜರಿಯವನು ಒಂದು ಸಲ ಬಂದು ಜೀಪಿನ ಸುತ್ತ ತಿರುಗಿ ಹೋಗಿದ್ದ.

ಮುಚ್ಚಳವನ್ನು ತೊಳೆದು, ಮತ್ತೆ ತೊಳೆದು, ಮಾಳಿಗೆಯ ಬಿಸಿಲಿಗಿಟ್ಟೆ. ಅರಿಷಿಣ ಬಿಸಿಲಿಗೆ ಕಳೆಯಿತು. ಕೆಳಗಿನಿಂದ ಮೆಲ್ಲಗೆ ನೀಲಿ ಎದ್ದಿತು. ಕೈಚೀಲ ಹಿಡಿದು ಮತ್ತೆ ಮ್ಯಾಚಿಂಗ್ ಸೆಂಟರಿಗೆ ಹೋದೆ.

‘ಹೋದ ಸಲದ್ದು ಫಿಟ್ ಆಗ್ಲಿಲ್ಲೇನ್ರಿ ಸರ್?’ ಎಂದರು ಅಂಗಡಿಯ ಅಕ್ಕ.

‘ಇಲ್ರಿ, ಅಳತಿ ತಪ್ಪಿತ್ತು.’

ಈ ಸಲ ಹೊಂದಿದ ಬಟ್ಟೆ ಆನಂದ ನೀಲಿಗಿಂತ ಒಂದು ಗುಟುಕು ಗಾಢ, ಇಂಕ್ ನೀಲಿಗಿಂತ ತಿಳಿ. ರಫೀಕ್ ಬಟ್ಟೆಯನ್ನೂ ನನ್ನನ್ನೂ ನೋಡಿ, ‘ಸರ್, ಇದು ಪಕ್ಕಾ ಏನ್ರಿ?’ ಎಂದು ಕೇಳಿದ. ಪಕ್ಕಾ ಎನ್ನುವ ಧೈರ್ಯವಾಗದೆ ಕಾಕಾನನ್ನೇ ಕರೆತಂದೆ. ಅವರು ಬಟ್ಟೆಯನ್ನು ಬಾನೆಟ್ ಮೇಲೆ ತಾವೇ ಹಾಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು. ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ‘ಇದ ನೋಡಲೇ ಆ ಬಣ್ಣ’ ಎಂದರು. ಬಿ.ಎಸ್ಸಿ.ಯ ಫಲಿತಾಂಶ ಬಂದಾಗಲೂ ನನಗೆ ಅಷ್ಟು ಹಿಗ್ಗಾಗಿರಲಿಲ್ಲ.

ಜೀಪು ನೀಲಿಯಾಗಿ ತಪಾಸಣೆಗೆ ಹೋಯಿತು. ಅಧಿಕಾರಿ ಕೇಳಿದರೆ ಹೇಳಲೆಂದು ಅರಿಷಿಣದ ಇಡೀ ಕತೆಯನ್ನು ತಯಾರು ಮಾಡಿಕೊಂಡಿದ್ದೆ. ಅವರು ಜೀಪು ನೋಡಿದರು, ಕಾಗದ ನೋಡಿದರು, ‘ನೀಲಿ, ಹೌದು’ ಎಂದು ಟಿಕ್ ಹಾಕಿದರು. ನನ್ನ ಸಂಶೋಧನೆ ಗಂಟಲಲ್ಲೇ ಉಳಿಯಿತು.

ಎಳ್ಳಮಾಸಿಯ ಮುನ್ನಾದಿನ ಹೊಸ ನೋಂದಣಿ ಕಾರ್ಡನ್ನು ಕಾಕಾನ ಕೈಗೆ ಕೊಟ್ಟೆ. ಅವರಿಗೆ ಓದಲು ಬರುವುದಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದರು.

‘ಎಷ್ಟ ದಿನ ಕೊಟ್ಟಾರಲೇ?’

‘ಐದು ವರ್ಷ, ಕಾಕಾ.’

ಕಾಕಾ ಕಾರ್ಡನ್ನು ಅಂಗಿಯ ಒಳಜೇಬಿಗೆ ಇಳಿಸಿದರು. ‘ಹಂಗಾದ್ರ ಇನ್ನೊಮ್ಮಿ ಹೋಗುವಾಗ ನನ್ನೂ ಕರಕೊಂಡ ಹೋಗು. ಸಾಹೇಬ್ರಿಗಿ ಹೇಳು, ಇವಗೂ ಐದು ವರ್ಷ ಹಾಕ್ರಿ, ಬಣ್ಣ ಹುಡುಕೋ ತ್ರಾಸ ಇಲ್ಲ, ಹುಟ್ಟಿದ ಬಣ್ಣದಾಗ ಇನ್ನೂ ಅದಾನ ಅಂತ.’