ತಿಪ್ಪೇಶಪ್ಪ ಸೋಪಿನ ನೀರು ಕೇಳಿದ್ದು

ಹೊನ್ನಾಳಿಯಿಂದ ನ್ಯಾಮತಿ ಕಡೆ ಹೊರಟರೆ, ಊರು ಮುಗಿಯುವ ಹೊತ್ತಿಗೆ ಎಡಗಡೆ ಒಂದು ಗ್ಯಾರೇಜು, ಅದಕ್ಕೆ ಅಂಟಿಕೊಂಡೇ ಒಂದು ಹಿಟ್ಟಿನ ಗಿರಣಿ. ಗ್ಯಾರೇಜು ತಿಪ್ಪೇಶಪ್ಪನದು, ಗಿರಣಿ ಕಸ್ತೂರಮ್ಮನದು. ಇಬ್ಬರಿಗೂ ಅರವತ್ತು ದಾಟಿದೆ. ಈ ರಸ್ತೆಗೆ ಹೆಸರು ಬಂದಿದ್ದೇ ತನ್ನಿಂದ ಅಂತ ಇಬ್ಬರೂ ತಿಳಿದಿದ್ದಾರೆ, ಆದರೆ ಬಾಯಿಬಿಟ್ಟು ಹೇಳುವವನು ತಿಪ್ಪೇಶಪ್ಪ ಒಬ್ಬನೇ.

ಅವನು ಚನ್ನಗಿರಿಯಲ್ಲಿ ಪಟ್ಟಿ ಕೆಲಸ ಕಲಿತವನು. ಲಾರಿಯ ಭಾರ ಹೊರುವ ಬಾಗಿದ ಕಬ್ಬಿಣದ ಪಟ್ಟಿ ಬಡಿದು ಬಡಿದು ತೋಳು ಗಟ್ಟಿ ಮಾಡಿಕೊಂಡವನು. ಆಮೇಲೆ ದೊಡ್ಡ ಟ್ರೈಲರ್‌ಗಳಿಗೆ ಪಟ್ಟಿಯ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು ಬಂದವು. "ಗಾಳಿ ಮ್ಯಾಲೆ ಲಾರಿ ನಿಲ್ತೈತಾ, ಅದರ ಮಕಕ್ಕಿಷ್ಟು!" ಎಂದು ಮೊದಲು ಬೈದವನು ತಿಪ್ಪೇಶಪ್ಪ. ಸುತ್ತಮುತ್ತ ಆ ಚೀಲದ ರಿಪೇರಿ ಮೊದಲು ಕಲಿತವನೂ ಅವನೇ. ಮನುಷ್ಯ ಹಂಗೇ. ಬೈದ ಮೇಲೆಯೇ ಅವನಿಗೆ ಪ್ರೀತಿ ಹುಟ್ಟುವುದು.

ಚೀಲದ ವ್ಯವಹಾರದಲ್ಲಿ ದೊಡ್ಡ ತಲೆನೋವು ಎಂದರೆ ಗಾಳಿ ಸೋರುವುದು. ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಉಳಿದ ಮೆಕ್ಯಾನಿಕ್‌ಗಳು ಸೋಪಿನ ನೀರು ಬಳಿದು, ಗುಳ್ಳೆ ಏಳುವ ಜಾಗ ಹುಡುಕುತ್ತಾರೆ. ತಿಪ್ಪೇಶಪ್ಪ ಹುಡುಕುತ್ತಿದ್ದದ್ದು ಕಿವಿಯಿಂದ. ಎಂಜಿನ್ ಬಂದ್ ಮಾಡಿಸಿ, ಗೋಣಿಚೀಲ ಹಾಸಿ, ಟ್ರೈಲರ್ ಕೆಳಗೆ ಅಂಗಾತ ಮಲಗಿ, "ಕಸ್ತೂರಮ್ಮಾ, ನಿಲ್ಸು!" ಎಂದು ಕೂಗುತ್ತಿದ್ದ. ಗಿರಣಿ ನಿಲ್ಲುತ್ತಿತ್ತು. ಗೋವಿನಕೋವಿಯಿಂದ ಜೋಳ ಹೊತ್ತು ಬಂದು ಸಾಲಿನಲ್ಲಿ ನಿಂತವರು "ಶುರುವಾತು ನೋಡವ್ವ ಇವರ ಪೂಜೆ" ಎಂದು ಗೊಣಗುತ್ತಿದ್ದರು. ಒಂದು ನಿಮಿಷ ಎಲ್ಲವೂ ಗಪ್‌ಚಿಪ್. ಆಮೇಲೆ ಕೆಳಗಿನಿಂದ ಒಂದು ಬೆರಳು ಮೇಲೇಳುತ್ತಿತ್ತು: "ಎಡಗಡೆ, ಎರಡನೇ ಚೀಲ, ಕೆಳಗಿನ ಮಡಿಕೆ." ತಪ್ಪಿದ್ದೇ ಇಲ್ಲ. ಸೋಪಿನ ನೀರಿನ ವಿಷಯ ಯಾರಾದರೂ ಎತ್ತಿದರೆ, "ಅದು ಕಿವಿ ಇಲ್ಲದೋರಿಗೆ ಕಣಯ್ಯ" ಎನ್ನುತ್ತಿದ್ದ. ಇಪ್ಪತ್ತು ವರ್ಷ ಹೀಗೇ ಹೇಳಿಕೊಂಡು ಬಂದ. ಇನ್ನಷ್ಟು ಕಡಿಮೆ ಮಾತಾಡಿದ್ದರೆ ಅವನಿಗೇ ಒಳ್ಳೆಯದಿತ್ತು.

ಏಕೆಂದರೆ ಎರಡು ವರ್ಷದಿಂದ ಆ ಸಣ್ಣ ಸುಯ್ ಸದ್ದು ಅವನಿಗೆ ಕೇಳಿಸುತ್ತಿರಲಿಲ್ಲ. ಮಾತು ಕೇಳುತ್ತಿತ್ತು, ಹಾರನ್ ಕೇಳುತ್ತಿತ್ತು, ಹೆಂಡತಿ ಸಿದ್ದಲಿಂಗಮ್ಮ ಬೈಯುವುದು ಚೆನ್ನಾಗಿಯೇ ಕೇಳುತ್ತಿತ್ತು. ಗಾಳಿಯ ಸದ್ದು ಮಾತ್ರ ಹೋಗಿತ್ತು. ಯಾರಿಗೂ ಹೇಳಲಿಲ್ಲ. ಕಿವಿಯೊಂದನ್ನೇ ನಂಬಿ ಜಗಳೂರು, ಹರಿಹರದಿಂದ ಡ್ರೈವರುಗಳು ಬರುತ್ತಾರೆ. ಅದು ಹೋಯಿತು ಎಂದ ದಿನ ತನ್ನನ್ನು ಯಾರು ಕೇಳುತ್ತಾರೆ ಎಂದು ಒಳಗೇ ಹೆದರಿದ. ಒಂದು ಬೆಳಗ್ಗೆ ಮೀಸೆ ಬೋಳಿಸಿಕೊಂಡು ಬಂದ. ಹರಕೆ ಎಂದ. ಯಾವ ದೇವರಿಗೆ ಎಂದು ಸಿದ್ದಲಿಂಗಮ್ಮ ಕೇಳಿದಾಗ ಥಟ್ಟನೆ ಒಂದು ದೇವರೂ ಬಾಯಿಗೆ ಬರಲಿಲ್ಲ. ನಿಜ ಏನೆಂದರೆ, ಮೇಲ್ತುಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡು ಚೀಲದ ಹತ್ತಿರ ಹಿಡಿದರೆ, ಸೋರುವ ಗಾಳಿ ತಣ್ಣಗೆ ತಾಗುತ್ತದೆ. ಎರಡು ವರ್ಷ ಹಾಗೇ ತುಟಿಯಿಂದ ಕೆಲಸ ಮಾಡಿ ಕಿವಿಯ ಹೆಸರು ಉಳಿಸಿಕೊಂಡ. ಕಸ್ತೂರಮ್ಮನ ಗಿರಣಿ ಪಾಪ, ಸುಮ್ಮಸುಮ್ಮನೆ ನಿಲ್ಲುತ್ತಿತ್ತು.

ಹೋದ ಕಾರ್ತೀಕದಲ್ಲಿ ಸೊಕ್ಕೆಯ ಮಾರುತೇಶ್ ತನ್ನ ಟ್ರೈಲರ್ ತಂದು ನಿಲ್ಲಿಸಿದ. ಮೇಲೆ ಕರೆಂಟು ತಯಾರಿಸುವ ಗಾಳಿಯಂತ್ರದ ದೊಡ್ಡ ತಲೆ, ಒಂದು ಮನೆಯಷ್ಟು ದಪ್ಪ. ಜಗಳೂರು ಕಡೆಯ ಗುಡ್ಡಕ್ಕೆ ಅದನ್ನು ಹತ್ತಿಸಬೇಕು.

"ನಿಲ್ಸಿದ ಅರ್ಧ ಗಂಟೆಗೆ ಹಿಂದಿಂದು ಕುಂತು ಬಿಡ್ತೈತ್ರಿ" ಎಂದ ಮಾರುತೇಶ್. "ಓಡಿಸೋವಾಗೂ ಅಲ್ಲಾಡ್ತೈತೆ. ನಾಳೆ ಕ್ರೇನ್ ಬರ್ತೈತೆ, ಇವತ್ತೇ ಗುಡ್ಡ ಹತ್ತಬೇಕು. ನೀವು ಸರಿ ಐತೆ ಅಂದ್ರೆ ಹೋಗ್ತೀನಿ."

ತಿಪ್ಪೇಶಪ್ಪ ಗೋಣಿಚೀಲ ಹಾಸಿದ. ಕೂಗಿ ಗಿರಣಿ ನಿಲ್ಲಿಸಿದ. ತುಟಿ ಒದ್ದೆ ಮಾಡಿಕೊಂಡು ಆರೂ ಚೀಲಗಳ ಹತ್ತಿರ ಮುಖ ಇಟ್ಟ. ಎಲ್ಲೂ ಗಾಳಿ ತಾಗಲಿಲ್ಲ. ಮತ್ತೊಮ್ಮೆ ಇಟ್ಟ. ಮೂಗಿಗೆ ಗ್ರೀಸ್ ಮೆತ್ತಿತು, ಅಷ್ಟೇ ಲಾಭ. ಹೊರಗೆ ಎಲ್ಲರೂ ಬೆರಳು ಏಳುವುದನ್ನೇ ಕಾಯುತ್ತಿದ್ದರು. ಏನಾದರೂ ಹೇಳಲೇಬೇಕಲ್ಲ! ಗಾಳಿ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿದ. ಒಳಗೆ ನಿಂತಿದ್ದ ಕಂದು ನೀರು ಬುಸ್ಸೆಂದು ಚಿಮ್ಮಿತು. "ಇದೇ ನೋಡಪ್ಪ. ಟ್ಯಾಂಕಲ್ಲಿ ನೀರು ನಿಂತೈತೆ. ದಿನಾ ಬಿಡಬೇಕು ಇದನ್ನ" ಎಂದು ಎದ್ದ.

ಎಂಜಿನ್ ಶುರು ಮಾಡಿದರು. ಗಾಳಿ ತುಂಬಿಕೊಂಡು ಟ್ರೈಲರಿನ ಹಿಂಭಾಗ ನಿಧಾನವಾಗಿ ಮೇಲೆದ್ದಿತು. "ನಿಮ್ಮ ಕಿವಿಗೆ ದೊಡ್ಡ ನಮಸ್ಕಾರ ರೀ" ಎಂದು ಮಾರುತೇಶ್ ಕೈ ಮುಗಿದು ಕ್ಯಾಬಿನ್ ಹತ್ತಿದ.

 ಟ್ಯಾಂಕಿನ ನೀರಿಗೆ ಟ್ರೈಲರ್ ಅರ್ಧ ಗಂಟೆಯಲ್ಲಿ ಕೂರುವುದಿಲ್ಲ. ಅದು ತಿಪ್ಪೇಶಪ್ಪನಿಗೆ ಗೊತ್ತು. ಗುಡ್ಡದ ತಿರುವಿನಲ್ಲಿ ಹಿಂಭಾಗ ಕುಸಿದು ಆ ಭಾರ ವಾಲಿದರೆ, ಈ ನಗುತ್ತಿರುವವನ ಕ್ಯಾಬಿನ್ ಎಲ್ಲಿರುತ್ತದೆ ಎಂಬುದೂ ಗೊತ್ತು. ನಾಚಿಕೆಯೂ ಆಯಿತು, ಭಯವೂ ಆಯಿತು.

"ಏಯ್, ಇಳಿಯೋ!" ಎಂದು ಕೂಗಿದ. "ಎಂಜಿನ್ ಬಂದ್ ಮಾಡು. ಯಾರಾದ್ರೂ ಒಂದ್ ಬಕೀಟು ಸೋಪಿನ ನೀರು ತರ್ರಪ್ಪ."

ಸಾಲಿನಲ್ಲಿದ್ದವರೆಲ್ಲ ಬಾಯಿ ತೆರೆದು ನೋಡಿದರು. ತಿಪ್ಪೇಶಪ್ಪ ಸೋಪಿನ ನೀರು ಕೇಳುವುದೆಂದರೆ ಪೂಜಾರಿ ಮೊಟ್ಟೆ ಕೇಳಿದ ಹಾಗೆ.

ಕಸ್ತೂರಮ್ಮ ಗಿರಣಿಯ ಮೆಟ್ಟಿಲ ಮೇಲೆ ನಿಂತಿದ್ದಳು, ಹುಬ್ಬಿನವರೆಗೂ ಹಿಟ್ಟು. "ಸೋಪ್ಯಾಕ್ರೀ? ಆವಾಗಿಂದ ನಡುವಿಗೆ, ಅಚ್ಚಿನ ಮ್ಯಾಲೆ ಸುಯ್ ಅಂತೈತಲ್ಲ. ನಿಮಗೆ ಕೇಳ್ಸಿರುತ್ತೆ ಅಂತ ಸುಮ್ಕಿದ್ದೆ."

"ನಂಗೆ ಕೇಳ್ಸಲ್ಲ ಕಸ್ತೂರಮ್ಮ" ಎಂದ ತಿಪ್ಪೇಶಪ್ಪ. "ಎರಡು ವರ್ಷ ಆತು."

"ಎರಡು ವರ್ಷಾ? ಹಂಗಾದ್ರೆ ನನ್ನ ಗಿರಣಿ ಯಾಕೆ ನಿಲ್ಲಿಸ್ತಿದ್ರಿ? ಮೆರವಣಿಗೆಗಾ?"

ತಿಪ್ಪೇಶಪ್ಪ ಗೋಣಿಚೀಲ ಮತ್ತೆ ಹಾಸಿಕೊಂಡ. ಕೆಳಗೆ ನುಸುಳಿದ. ಅವಳೂ ಸೆರಗು ಸಿಕ್ಕಿಸಿಕೊಂಡು ಬಗ್ಗಿ, "ಮುಂದೆ ಹೋಗ್ರಿ, ಇನ್ನೊಂಚೂರು, ಮ್ಯಾಲೆ, ಅಲ್ಲೇ!" ಎಂದು ದಾರಿ ತೋರಿಸಿದಳು. ಗಾಲಿಗಳ ಅಚ್ಚಿನ ಮೇಲೆ, ತಲೆ ಹಿಡಿಸದ ಸಂದಿಯಲ್ಲಿ, ಚೀಲಗಳಿಗೆ ಎಷ್ಟು ಗಾಳಿ ಬೇಕೆಂದು ಅಳೆಯುವ ಪುಟ್ಟ ವಾಲ್ವ್ ಇತ್ತು. ಅದಕ್ಕೊಂದು ಸಣ್ಣ ಕಡ್ಡಿ. ಆ ಕಡ್ಡಿಗೆ ಕರಿ ಹಗ್ಗದಲ್ಲಿ ಬಿಗಿದು ಕಟ್ಟಿದ ಹಳೇ ಚಪ್ಪಲಿ! ಚಪ್ಪಲಿ ಅಚ್ಚಿಗೆ ಸಿಕ್ಕಿಕೊಂಡು ಕಡ್ಡಿಯನ್ನು ಕೆಳಕ್ಕೆ ಜಗ್ಗಿತ್ತು. ಟ್ರೈಲರ್ ಬಹಳ ಎತ್ತರವಾಯಿತೆಂದು ತಿಳಿದು ವಾಲ್ವ್ ಚೂರುಚೂರೇ ಗಾಳಿ ಬಿಡುತ್ತಲೇ ಇತ್ತು; ಎಂಜಿನ್ ಓಡುವಾಗ ತುಂಬುವ ಗಾಳಿ ಅದನ್ನು ಮರೆಸುತ್ತಿತ್ತು.

"ಇದನ್ನ ಇಲ್ಲಿ ಯಾರಯ್ಯ ಕಟ್ಟಿದ್ದು?"

"ನಾನೇ ರೀ" ಎಂದ ಮಾರುತೇಶ್ ತಲೆ ಕೆರೆದುಕೊಂಡು. "ಅಮಾಸೆ ದಿನ, ದೃಷ್ಟಿ ಆಗಬಾರದು ಅಂತ. ಬಂಪರಿಗೆ ಕಟ್ಟಿದ್ರೆ ಉದುರಿ ಹೋಗ್ತಿತ್ತು. ಆ ಕಡ್ಡಿ ಕಟ್ಟಾಕೆ ಅಂತಾನೇ ಕೊಟ್ಟಂಗಿತ್ತು."

"ದೃಷ್ಟಿ ಅಂತೂ ಆಗಲಿಲ್ಲ ಬಿಡು" ಎಂದು ತಿಪ್ಪೇಶಪ್ಪ ಹಗ್ಗ ಕತ್ತರಿಸಿ ಕಡ್ಡಿಯನ್ನು ನೆಟ್ಟಗೆ ಮಾಡಿದ. ಎಂಜಿನ್ ಹಾಕಿಸಿ ಗಾಳಿ ತುಂಬಿಸಿ, ಮತ್ತೆ ಬಂದ್ ಮಾಡಿಸಿದ. ಅರ್ಧ ಗಂಟೆ ಎಲ್ಲರೂ ಕಾದರು. ಟ್ರೈಲರ್ ಒಂದಿಂಚೂ ಕೂರಲಿಲ್ಲ. ಆದರೂ ತಿಪ್ಪೇಶಪ್ಪನ ಜೀವಕ್ಕೆ ಸಮಾಧಾನವಿಲ್ಲ.

"ಹೋಗ್ಲೇನ್ರೀ?" ಎಂದು ಮಾರುತೇಶ್ ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿದ. ಕೇಳಿದ್ದು ತಿಪ್ಪೇಶಪ್ಪನನ್ನೇ.

ತಿಪ್ಪೇಶಪ್ಪ ಟ್ರೈಲರ್ ಕಡೆ ಒಮ್ಮೆ ಕಿವಿಯೊಡ್ಡಿದ. ಆಗಲೂ ಏನೂ ಕೇಳಿಸಿರಲಿಲ್ಲ, ಈಗಲೂ ಏನೂ ಕೇಳಿಸಲಿಲ್ಲ. ಅವನ ಮಟ್ಟಿಗೆ ಎರಡೂ ಒಂದೇ. ಕಸ್ತೂರಮ್ಮನ ಕಡೆ ತಿರುಗಿದ. ಅವಳು ಕಣ್ಣು ಮುಚ್ಚಿ ಅಚ್ಚಿನ ಕಡೆ ಕಿವಿಗೊಟ್ಟಳು.

"ಸುಯ್ ಅನ್ನೋದು ನಿಂತೈತೆ" ಎಂದಳು.

"ಹೋಗಪ್ಪ" ಎಂದ ತಿಪ್ಪೇಶಪ್ಪ.