ಚಿಜುರು ಗುಡ್ಡದ ಮನೆ ಮಾರಿದ್ದು

ಚರ್ಚಿನಲ್ಲಿ ಬೆಳಗಿನ ಬಲಿಪೂಜೆ ಮುಗಿಸಿ ಬರುವಾಗ ಚಿಜುರು ಎಂದೂ ಬರಿಗೈಯಲ್ಲಿ ಮೆಟ್ಟಿಲು ಹತ್ತಿದವಳಲ್ಲ. ನಾಗಾಸಾಕಿಯ ಆ ಗುಡ್ಡಕ್ಕೆ ಗಾಡಿ ಬರುವುದಿಲ್ಲ. ಅಂಗಡಿಯವರು ಮೇಲಿನ ಮನೆಗಳ ಸಾಮಾನನ್ನು ಹೆಸರು ಬರೆದು ಮೆಟ್ಟಿಲ ಬುಡದ ಹಲಗೆಯ ಮೇಲಿಟ್ಟು ಹೋಗುತ್ತಾರೆ. ಹತ್ತುವವರು ಕೈಲಾದದ್ದನ್ನು ಒಯ್ದು ಅವರವರ ಬಾಗಿಲಲ್ಲಿಡುತ್ತಾರೆ. ಶಾಲೆಯ ಅಡುಗೆಮನೆಯಲ್ಲಿ ಹಂಡೆ ಎತ್ತಿ ಎತ್ತಿ ಗಟ್ಟಿಯಾದ ತೋಳು ಅವಳದು. ಮದುವೆಯಾಗಿರಲಿಲ್ಲ. ಯಾರಾದರೂ ಆ ಮಾತು ತೆಗೆದರೆ, "ಊರ ಮಕ್ಕಳಿಗೆಲ್ಲ ಉಣಿಸಿದ್ದೀನಿ, ಇನ್ನೇನಾಗಬೇಕು?" ಅನ್ನುತ್ತಿದ್ದಳು.

ಈಗ ಮಂಡಿ ಸೋತಿತ್ತು. ಕೆಳಗೆ ಟ್ರಾಮ್ ನಿಲ್ದಾಣದ ಹತ್ತಿರ ಅಕ್ಕನ ಮನೆಯಲ್ಲಿ ಅವಳಿಗೊಂದು ಕೋಣೆ ಸಿದ್ಧವಿತ್ತು. ಆದರೆ ಅಪ್ಪ ಕಟ್ಟಿಸಿದ ಹೆಂಚಿನ ಮನೆಯನ್ನು ಪಾಳು ಬಿಟ್ಟು ಹೋಗಲು ಮನಸ್ಸು ಒಪ್ಪದು. ಯಾರೂ ಇಲ್ಲದ ಮನೆ ಮಳೆಗೆ ಕುಸಿದರೆ ಕೆಳಗಿನವರ ಮೇಲೇ ಬೀಳುತ್ತದೆ. ಮಾರಾಟಕ್ಕಿಟ್ಟು ಎರಡು ವರ್ಷವಾಗಿತ್ತು. ನೋಡಲು ಬಂದವರು ಅರ್ಧ ದಾರಿಯಲ್ಲೇ ಏದುಸಿರು ಬಿಟ್ಟು ಹಿಂದಿರುಗುತ್ತಿದ್ದರು.

ಜೂನ್ ತಿಂಗಳಲ್ಲಿ ವಾಕಾನಾ ಎಂಬ ಹುಡುಗಿ ಗಂಡನೊಂದಿಗೆ ಬಂದಳು. ಇಬ್ಬರೂ ನಗುತ್ತಲೇ ಹತ್ತಿ ಬಂದಿದ್ದರು. ಕಿಟಕಿಯಿಂದ ಕೊಲ್ಲಿಯ ಹಡಗುಗಳನ್ನು ನೋಡಿ, ಇದೇ ಮನೆ ಬೇಕು ಅಂದರು. ಇನ್ನು ಮೇಲಿನ ಮನೆಯ ಮುದುಕ ಉರಕಾವಾ ಜಾಗದ ಗಡಿ ಸರಿಯಿದೆಯೆಂದು ಒಪ್ಪಿ ಕಾಗದಕ್ಕೆ ತನ್ನ ಮೊಹರು ಒತ್ತಿದರೆ ಮಾರಾಟ ಮುಗಿದಂತೆ.

"ಗುಡ್ಡ ಚೆನ್ನಾಗಿದೆ, ಚಿಜುರು-ಸಾನ್," ವಾಕಾನಾ ಹೇಳಿದಳು. "ಕೆಳಗೇ ಹಳದಿ ಲಕ್ಕೋಟೆ ಹಣ್ಣೂ ಸಿಗುತ್ತೆ. ಉರಕಾವಾ ಅನ್ನೋರ ತೋಟದ್ದು. ಕಾಸಿಟ್ಟು ಬುಟ್ಟಿ ತಗೊಂಡ್ವಿ. ಹತ್ತೋಷ್ಟರಲ್ಲಿ ಖಾಲಿ."

ಚಿಜುರು ಚಹಾದ ಬಟ್ಟಲನ್ನು ಕೆಳಗಿಟ್ಟಳು. ಹಳ್ಳಿಯ ದಾರಿಯಲ್ಲಿ ರೈತರು ತಮ್ಮ ಹೆಸರು ಬರೆದು, ಕಾಯುವವರಿಲ್ಲದೆ ಹಣ್ಣು ಮಾರಾಟಕ್ಕಿಟ್ಟು ಹೋಗುತ್ತಾರಲ್ಲ, ಇದೂ ಹಾಗೇ ಎಂದುಕೊಂಡಿದ್ದರು ಪಾಪ.

"ತೋಟದ್ದಲ್ಲಮ್ಮ. ಇವತ್ತು ಅವರ ಹೆಂಡತಿಯ ತಿಥಿ. ದೇವರ ಗೂಡಿನಲ್ಲಿ ಆಕೆಯ ಪಟದ ಮುಂದಿಡೋಕೆ ತರಿಸಿದ್ದು."

ಅಷ್ಟರಲ್ಲಿ ಉರಕಾವಾ ಬಾಗಿಲಲ್ಲಿ ನಿಂತಿದ್ದ. "ಚಿಜುರು-ಸಾನ್, ನನ್ನ ಹಣ್ಣು ತಂದ್ರಾ? ಹಲಗೆ ಮೇಲೆ ಬುಟ್ಟಿ ಇಲ್ಲ, ನೂರು ಯೆನ್ ಇದೆ. ಯಾವನೋ ಮಾನವಂತ ಕಳ್ಳ."

ಗಂಡ ಹೆಂಡತಿ ಇಬ್ಬರೂ ಚಾಪೆಗೆ ಹಣೆ ಹಚ್ಚಿ ಬಾಗಿದರು. ಮುದುಕನಿಗೆ ಅರ್ಥವಾಯಿತು.

"ಸತ್ತವರ ಪಾಲನ್ನ ದಾರೀಲೇ ತಿಂದು ಮುಗಿಸೋರ ಪಕ್ಕದಲ್ಲಿ ನಾನಿರಬೇಕಾ? ಮೊಹರು ಎಲ್ಲಿಟ್ಟಿದ್ದೀನೋ, ನೆನಪಿಲ್ಲ," ಎಂದು ಹೊರಟುಹೋದ.

ಚಿಜುರು ಅವನ ಹಿಂದೆ ಹೋಗಿ ಅಂಗಲಾಚಲಿಲ್ಲ. "ಅಳ್ತಾ ಕೂರಬೇಡಿ," ಅಂದಳು. "ಕೆಳಗೆ ಹೋಗಿ ಬೇರೆ ಹಣ್ಣು ತನ್ನಿ. ಬರುವಾಗ ಹಲಗೆ ಮೇಲೆ ಏನಿದ್ದರೂ ಹೊತ್ತು ತನ್ನಿ. ಯಾರ ಮನೇದು ಅಂತ ಕೇಳ್ಕೊಂಡು ಕೊಡಿ."

ಅವರು ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಗಂಡನ ಹೆಗಲ ಮೇಲೆ ಉರಕಾವಾನದೇ ಅಕ್ಕಿ ಚೀಲ. ವಾಕಾನಾಳ ಕೈಯಲ್ಲಿ ಹಣ್ಣು. ಈ ಬಾರಿ ಇಬ್ಬರಿಗೂ ಏದುಸಿರು. ಚಿಜುರು ಅವರನ್ನು ಮೇಲಿನ ಮನೆಗೆ ಕರೆದೊಯ್ದಳು. ಮುದುಕ ಬಾಗಿಲು ತೆರೆದು ಒಳಗೆ ಕರೆದ. ಹಣ್ಣನ್ನು ಪಟದ ಮುಂದಿಟ್ಟು ಗಂಟೆ ಬಾರಿಸಿದ. ಎಲ್ಲರೂ ಕೈಮುಗಿದರು, ಚಿಜುರು ಮನಸ್ಸಿನಲ್ಲೇ ಶಿಲುಬೆಯ ಗುರುತು ಮಾಡಿಕೊಂಡಳು. ಮುದುಕ ಹೆಂಡತಿಯ ಪಟದತ್ತ ಕೈ ತೋರಿದ.

"ಇವಳಿಗೂ ಅದೇ ಚಟ," ಅಂದ. "ಪೇಟೆಗೆ ಕಳಿಸಿದರೆ ಹಣ್ಣು ಮನೆ ಮುಟ್ಟಿದ್ದೇ ಅಪರೂಪ. ನೀವಾದರೂ ಕಾಸಿಟ್ಟಿದ್ದೀರಿ."

ಮೊಹರು ಅವನ ಜೇಬಿನಲ್ಲೇ ಇತ್ತು.

ಮನೆ ಕೈ ಬದಲಿಸಿದ ದಿನ ವಾಕಾನಾ ಒಂದು ಕೀಲಿಯನ್ನು ಚಿಜುರುವಿನ ಅಂಗೈಯಲ್ಲಿಟ್ಟಳು. "ಇದು ನಿಮ್ಮ ಹತ್ರನೇ ಇರಲಿ. ಮನಸ್ಸಾದಾಗ ಬನ್ನಿ. ಮಹಡಿ ಕೋಣೆ ನಿಮಗೇ ಅಂತ ಇಟ್ಟಿರ್ತೀವಿ."

"ಬೇಡಮ್ಮ," ಅಂದಳು ಚಿಜುರು. "ಕೀಲಿ ನನ್ನ ಹತ್ರ ಇದ್ದರೆ ಗೋಡೆಗೊಂದು ಮೊಳೆ ಹೊಡೆಯೋಕೂ ನಿನ್ನ ಕೈ ತಡೆಯುತ್ತೆ. ಬಂದಾಗ ಬಾಗಿಲು ತಟ್ತೀನಿ." ಕೀಲಿಯನ್ನು ಹುಡುಗಿಯ ಕೈಗೇ ಹಿಂದಿರುಗಿಸಿ ಅವಳ ಬೆರಳುಗಳನ್ನು ಮಡಿಸಿದಳು.