ಜಾಮೀನು ನಿಂತವಳ ಚಾರಿತ್ರ್ಯ

ನಮ್ಮ ಬನಹಟ್ಟಿಯ ಓಣಿಯಲ್ಲಿ ಯಾರನ್ನು ಏನು ಬೇಕಾದರೂ ಕೇಳಬಹುದು. ಮಗಳಿಗೆ ಇನ್ನೂ ಯಾಕೆ ಗಂಡು ಸಿಕ್ಕಿಲ್ಲ, ಸೊಸೆ ತವರಿಗೆ ಹೋಗಿ ಎಷ್ಟು ದಿನವಾಯಿತು, ಎಲ್ಲಕ್ಕೂ ಉತ್ತರ ಸಿಗುತ್ತದೆ, ಮೇಲೆ ಚಹಾ ಕೂಡ. ಸಾಲ ಎಷ್ಟಿದೆ ಎಂದು ಮಾತ್ರ ಕೇಳಬಾರದು. ಸಾಲವಿಲ್ಲದ ಮಗ್ಗ ನಮ್ಮಲ್ಲಿ ಒಂದೂ ಇಲ್ಲ. ಸಾಲವಿದೆ ಎಂದು ಒಪ್ಪಿಕೊಂಡ ಬಾಯಿಯೂ ಒಂದಿಲ್ಲ.

ಇಂಥ ಓಣಿಗೆ ಸರ್ಕಾರ ನನ್ನ ಹೆಸರಿಗೆ ಒಂದು ದಪ್ಪ ಫಾರ್ಮ್ ಕಳಿಸಿತು.

ರಕ್ಷಣಾ ಇಲಾಖೆಗೆ ಸೇರಿದ ಒಂದು ಕಚೇರಿಯಲ್ಲಿ ಗುಮಾಸ್ತೆಯ ಕೆಲಸಕ್ಕೆ ನಾನು ಆಯ್ಕೆಯಾಗಿದ್ದೆ. ನಸುಕಿನಲ್ಲಿ ಎದ್ದು ಮಗ್ಗಕ್ಕೆ ಬೇಕಾದ ನೂಲು ಸುತ್ತಿಟ್ಟು, ಜಮಖಂಡಿ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಿ.ಕಾಂ. ಮುಗಿಸಿದವಳು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ನೌಕರಿಯ ಪರೀಕ್ಷೆ ನಾಲ್ಕನೇ ಸಲಕ್ಕೆ ಪಾಸಾಗಿತ್ತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಪುಕ್ಕಟೆ ಸಿಕ್ಕಿದ್ದಲ್ಲ. ಉಳಿದಿದ್ದು ಪೊಲೀಸ್ ವಿಚಾರಣೆ ಒಂದೇ. ಗುಟ್ಟಿನ ಕಾಗದ ಓಡಾಡುವ ಕಚೇರಿ, ಒಳಗೆ ಬರುವವಳು ನಂಬಿಕಸ್ಥಳೇ ಎಂದು ನೋಡಬೇಕಲ್ಲ.

ಫಾರ್ಮಿನಲ್ಲಿ ಸಾಲದ ಬಗ್ಗೆಯೇ ಮೂರು ಪ್ರಶ್ನೆಗಳಿದ್ದವು. ನಿಮಗೆ ಸಾಲ ಇದೆಯೇ? ಯಾರ ಸಾಲಕ್ಕಾದರೂ ಜಾಮೀನಿದ್ದೀರಾ? ಕಂತು ತಪ್ಪಿ ಯಾವುದಾದರೂ ಸುಸ್ತಿಯಾಗಿದೆಯೇ? ಸುಳ್ಳು ಬರೆದರೂ ಮುಚ್ಚಿಟ್ಟರೂ ಅನರ್ಹ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

ಪತ್ತಿನ ಸಂಘದಲ್ಲಿ ನನ್ನ ಕಾಲೇಜಿನ ಸಾಲ ಇನ್ನೂ ಅರ್ಧ ಉಳಿದಿತ್ತು. ಅದು ದೊಡ್ಡ ಮಾತಲ್ಲ. ಆದರೆ ನೂಲಿನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಾನು ಓಣಿಯಲ್ಲಿ ತಿಂಗಳ ಪಗಾರ ಎಣಿಸುವ ಒಬ್ಬಳೇ. ಹಾಗಾಗಿ ಮೂರು ಮಂದಿ ತಮ್ಮ ಸಾಲಕ್ಕೆ ನನ್ನನ್ನು ಜಾಮೀನು ಮಾಡಿಕೊಂಡಿದ್ದರು. "ಡಿಗ್ರಿ ಆದಾಕಿ ಸಹಿಗೆ ತೂಕ ಬ್ಯಾರೇನ ಬಿಡವಾ" ಅಂದರೆ ಸಾಕು, ನಾನೂ ಉಬ್ಬಿ ಸಹಿ ಹಾಕುತ್ತಿದ್ದೆ. ಅವರಲ್ಲಿ ಎದುರು ಮನೆಯ ಕಾಕಾ ಮಗ್ಗದ ರಿಪೇರಿಗೆಂದು ಸಾಲ ತೆಗೆದು ಹೊಸ ಮೋಟಾರ್ ಸೈಕಲ್ ತಂದಿದ್ದರು. ಕಂತು ಕಟ್ಟಲಿಲ್ಲ. ಸಂಘದ ನೋಟಿಸು ನನಗೂ ಬಂದಿತ್ತು.

ಫಾರ್ಮ್ ನೋಡಿದ ಕಾಕಾ, "ಮೂರೂ ಕಡೆ ಇಲ್ಲ ಅಂತ ಬರದ ಕೈ ತೊಳ್ಕೋಬೇ. ದಿಲ್ಲಿಯಾಗ ಕುಂತಾಂವಗ ಬನಹಟ್ಟಿ ಸಂಘ ಕಾಣತೈತೇನ?" ಎಂದರು.

"ನೋಟಿಸ್ ಬಂದೈತಲ್ರಿ ಕಾಕಾ."

"ನೋಟಿಸ್ ಬರ್ತಾವ, ಹೋಗ್ತಾವ. ನಾ ಏನ್ ಓಡಿ ಹೋಗೇನೇನ?"

"ಓಡಿ ಹೋಗಾಕ ಗಾಡಿ ಅಂತೂ ತಂದೀರಿ" ಎಂದೆ.

ಇದ್ದದ್ದನ್ನು ಇದ್ದಂತೆ ಬರೆದು ಕಳಿಸಿದೆ. ಮನೆಯಲ್ಲಿ ಮಾತ್ರ ಹೇಳಲಿಲ್ಲ. ಅದೇ ತಪ್ಪಾಯಿತು.

ನಾನು ಅಂಗಡಿಯಲ್ಲಿದ್ದ ಒಂದು ಮಧ್ಯಾಹ್ನ ಠಾಣೆಯಿಂದ ಪೊಲೀಸರೊಬ್ಬರು ಮನೆಗೆ ಬಂದರು. ಅಪ್ಪ ಮಗ್ಗ ನಿಲ್ಲಿಸಿ ಹೊರಬಂದ. ಕಾಕಾ ಯಾರೂ ಕರೆಯದೆ ಬಂದರು. ಸಂಜೆ ಅಪ್ಪ ಮೀಸೆಯಲ್ಲೇ ನಗುತ್ತಿದ್ದ.

"ಒಂದ್ ಪೈಸಾ ಸಾಲ ಇಲ್ಲ, ಯಾರಿಗೂ ಜಾಮೀನಿಲ್ಲ ಅಂತ ಬರಸಿ ಸಹಿ ಮಾಡೇನವಾ. ಸಾಕ್ಷಿಗೆ ಕಾಕಾನೂ ಸಹಿ ಹಾಕ್ಯಾನ. ಇನ್ನ ನಿನ್ನ ನೌಕರಿ ಪಕ್ಕಾ!"

ನನ್ನ ಪ್ರಾಮಾಣಿಕತೆಗೆ ಸಾಕ್ಷಿ ಹಾಕಲು ಊರಲ್ಲಿ ಸುಸ್ತಿದಾರನೇ ಸಿಗಬೇಕಿತ್ತೇ!

ಮರುದಿನ ಠಾಣೆಯಿಂದ ಕರೆ ಬಂತು. ಅದೇ ಪೊಲೀಸರು ಎರಡೂ ಕಾಗದ ಮುಂದಿಟ್ಟರು. "ತಂಗಿ, ನೀ ಬರದದ್ದೊಂದು, ನಿಮ್ಮಪ್ಪ ಹೇಳಿದ್ದೊಂದು. ಸಾಲ ಇದ್ರ ಮ್ಯಾಲಿನ ಸಾಹೇಬ್ರು ವಿಚಾರ ಮಾಡ್ತಾರ. ಸುಳ್ಳ ಕಂಡ್ರ ಸೀದಾ ಕಾಟ್ ಹೊಡೀತಾರ. ಸೋಮವಾರ ಫೈಲ್ ಹೋಗತೈತಿ. ಅಷ್ಟ್ರಾಗ ಅಪ್ಪನ್ನ ಕರಕೊಂಡ ಬಂದು ಖರೆ ಹೇಳಸು."

ಮನೆಗೆ ಬಂದು ಹೇಳಿದೆ. ಅಪ್ಪನ ಮುಖ ಇಳಿಯಿತು. "ಸಾಲಗಾರ ಅದೀನಿ ಅಂತ ನನ್ನ ಬಾಯಿಲೆ ಠಾಣೇದಾಗ ಬರಸೂದಾ?"

ಅಷ್ಟರಲ್ಲಿ ಬಂದಿದ್ದ ಕಾಕಾ ನಡುವೆ ಬಾಯಿ ಹಾಕಿದರು. "ಐತವಾರ ಮುಧೋಳದಿಂದ ನನ್ನ ಮಗಳ್ನ ನೋಡಾಕ ಬರಾಕತ್ತಾರ. ಈಗ ನನ್ನ ಸುಸ್ತಿ ಹೊರಗ ಬಂದ್ರ ಹೆಂಗ? ನೌಕರಿ ಏನವಾ, ಇನ್ನೊಂದ್ ಸಲ ಪರೀಕ್ಷಾ ಬರಿ."

"ಬರೀತೇನ್ರಿ ಕಾಕಾ. ಖರ್ಚು ನೀವ ಕೊಡ್ರಿ. ರೊಕ್ಕ ಇಲ್ಲಂದ್ರ ಸಂಘದಾಗ ಸಾಲ ತಗೀರಿ, ನಾ ಜಾಮೀನು ನಿಲ್ತೇನಿ."

ಕಾಕಾ ಚಪ್ಪಲಿ ಮೆಟ್ಟಿ ಹೋದರು. ಅಪ್ಪ ಆ ಸಂಜೆ ಕರೆಂಟ್ ಇದ್ದರೂ ಮಗ್ಗ ಹಚ್ಚಲಿಲ್ಲ. ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತು, "ನಡಿ" ಎಂದ.

ಠಾಣೆಯಲ್ಲಿ ಕುರ್ಚಿ ಕೊಟ್ಟರೂ ಕೂರಲಿಲ್ಲ. "ಮೊನ್ನೆ ಹೇಳಿದ್ದು ಸುಳ್ಳ್ರಿ. ಹೇಳಿದಾಂವ ನಾ. ಆಕಿ ಬರದದ್ದ ಖರೆ."

"ಯಾವ್ಯಾವ ಸಾಲ ಅದಾವ್ರಿ?"

ಅಷ್ಟು ಕೇಳಿದ್ದೇ ತಡ. ಜೀವಮಾನದಲ್ಲಿ ಯಾರೂ ಕೇಳದಿದ್ದ ಪ್ರಶ್ನೆಗೆ ಅಪ್ಪ ಉತ್ತರ ಶುರುಮಾಡಿದ. ಸಂಘದ್ದು, ನೂಲಿನ ಸಾವಕಾರರದ್ದು, ಬೀಳಗಿಯ ಗೆಳೆಯನದು. ನಾನು ಹೆಸರೂ ಕೇಳದ ಸಾಲಗಳು ಹೊರಬಿದ್ದವು. "ಇಕಿ ಮೊದಲನೇ ವರ್ಷದ ಫೀ ಕಟ್ಟಾಕ ಗಲಗಲ್ಯಾಗಿನ ನಮ್ಮಕ್ಕನ ಕೈಯಾಗಿನ ಬಂಗಾರದ ಪಾಟಲಿ ಒತ್ತೆ ಇಟ್ಟೇನ್ರಿ. ಇನ್ನೂ ಬಿಡಿಸಿಲ್ಲ."

ಪೊಲೀಸರು ಪೆನ್ನು ಕೆಳಗಿಟ್ಟರು. "ಸಾಕ್ರಿ ಯಜಮಾನ್ರ. ಇದು ನಿಮ್ಮ ಮಗಳ ಫೈಲು."

"ಇರಲಿ, ಬರಕೋರಿ" ಎಂದ ಅಪ್ಪ.

ಎಲ್ಲ ಇದ್ದಂತೆ ಬರೆದಿದ್ದೇನೆಂದು ಬೀಗುತ್ತಿದ್ದವಳು ನಾನು. ಆ ಫೀ ಅಪ್ಪ ನೇಯ್ದು ಕೂಡಿಟ್ಟ ಹಣವೆಂದೇ ನಂಬಿದ್ದೆ. "ಇದನ್ನೂ ಫಾರ್ಮಿಗೆ ಸೇರಸಬೇಕೇನ್ರಿ?" ಎಂದು ಕೇಳಿದೆ.

"ನಿನ್ನ ಹೆಸರ್ಲೆ ಇಲ್ಲಲ್ಲ ತಂಗಿ, ಬಿಡು" ಎಂದರು.

ಕೆಲವು ತಿಂಗಳಿಗೆ ನೌಕರಿಯ ಆದೇಶ ಬಂತು. ಮುಧೋಳದವರು ಕಾಕಾನ ಗಾಡಿ ನೋಡಿಯೇ ಸಂಬಂಧ ಒಪ್ಪಿದ್ದರು. ನನ್ನ ಮೊದಲ ಮೂರು ಪಗಾರ ಪಾಟಲಿ ಬಿಡಿಸಲು ಹೋಯಿತು. ಗಲಗಲಿಗೆ ಹೋಗಿ ಸೋದರತ್ತೆಯ ಕೈಗೆ ಕೊಟ್ಟು, ಅಪ್ಪ ಒತ್ತೆ ಇಟ್ಟಿದ್ದನ್ನು ಹೇಳಿದೆ.

ಅತ್ತೆ ಅವನ್ನು ತೊಟ್ಟು ಕೈ ತಿರುಗಿಸಿ ನೋಡಿಕೊಂಡಳು. "ಪಾಲಿಶ್ ಮಾಡಸಾಕ ಒಯ್ತೇನಿ ಅಂದಿದ್ದ ನಿಮ್ಮಪ್ಪ" ಎಂದಳು. "ಆರು ವರ್ಷ ಯಾವ ಅಕ್ಕಸಾಲಿಗ ಪಾಲಿಶ್ ಮಾಡ್ತಾನವಾ? ಗೊತ್ತಿದ್ದೂ ನಾ ಸುಮ್ಮನಿದ್ದೆ."